ನನಗೆ ಚಪ್ಪಾಳೆ, ಆ ಹುಡುಗಿಗೆ ‘ನಾಚಿಕೆ ಸ್ವಭಾವ’

ಬೆಳಿಗ್ಗೆಯಿಂದ ತಲೆ ಕಾದುಹೋಗಿದೆ. ಇದನ್ನು ಬರೆದು ಮುಗಿಸದೆ ನಿದ್ದೆ ಬರುವುದಿಲ್ಲ, ಉದ್ದ ಆದರೆ ಸಹಿಸಿಕೊಳ್ಳಿ.

ನಾನೀಗ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಕೆಟ್ಸಾಲ್ಟೆನಾಂಗೋದಲ್ಲಿ ಇರುವುದು ನಿಮಗೆಲ್ಲ ಗೊತ್ತು. “ರಿಟೈರ್ ಆದಮೇಲೆ ಕಾಶಿಗೆ ಹೋಗೋದು ಬಿಟ್ಟು ಅಲ್ಲಿಗ್ಯಾಕೆ ಟೀಚರ್?” ಎಂದವರಿಗೆಲ್ಲ ಉತ್ತರ ಕೊಟ್ಟು ಸಾಕಾಗಿದೆ. ಮಗಳು ಸ್ಪ್ಯಾನಿಷ್ ಕಲಿಯಲು ಬಂದಳು, ನಾನು ಬಾಲಂಗೋಚಿ. ಊರಿಗೆ ಜನ ಕರೆಯುವ ಹೆಸರು ಶೇಲಾ. 2,300 ಮೀಟರಿಗೂ ಮೇಲೆ ಇದೆ, ಪುತ್ತೂರಿನವಳಿಗೆ ಬೆಳಿಗ್ಗೆ ಹಲ್ಲು ಕಟಕಟ.

ಇಲ್ಲಿ ಸ್ಪ್ಯಾನಿಷ್ ಕಲಿಸುವ ರೀತಿ ಕೇಳಿದರೆ ನಮ್ಮ ಮೇಷ್ಟ್ರುಗಳಿಗೆ ಹೊಟ್ಟೆ ಉರಿಯಬೇಕು. ಒಬ್ಬ ವಿದ್ಯಾರ್ಥಿಗೆ ಒಬ್ಬ ಟೀಚರ್. ದಿನಕ್ಕೆ ನಾಲ್ಕೈದು ಗಂಟೆ ಎದುರುಬದುರು ಕೂತು ಬರೀ ಮಾತು. ವಾಸ ಊಟ ಎಲ್ಲ ಒಂದು ಕುಟುಂಬದ ಮನೆಯಲ್ಲಿ, ಅಲ್ಲೂ ಅದೇ ಮಾತು. “ನಿನ್ನೆ ನಾನು ಸಂತೆಗೆ ಹೋಗುವುದು, ಬಾಳೆಹಣ್ಣು ಕೊಳ್ಳುವುದು” ಎಂಬ ಮಟ್ಟದಲ್ಲಿ ನಾನು ಮಾತಾಡಿದರೂ ನನ್ನ ಟೀಚರಮ್ಮ “ಮುಯ್ ಬಿಯೆನ್!” ಎಂದು ಚಪ್ಪಾಳೆ ತಟ್ಟುತ್ತಾರೆ. ಅರುವತ್ತು ದಾಟಿದ ನನಗೆ ಇಷ್ಟು ತಾಳ್ಮೆ! ಸಂತೋಷವೇ, ಇಲ್ಲ ಎನ್ನುವುದಿಲ್ಲ.

ಸಂತೋಷ ಇಳಿದದ್ದು ಇವತ್ತು. ಮೂವತ್ತು ಚಿಲ್ಲರೆ ವರ್ಷ ಒಂದನೇ ಕ್ಲಾಸಿಗೇ ಪಾಠ ಮಾಡಿದವಳು, ಶಾಲೆ ನೋಡದೆ ಹೇಗಿರಲಿ? ಪೇಟೆಯಿಂದ ಮೇಲಿನ ಹಳ್ಳಿಯೊಂದರ ಸರ್ಕಾರಿ ಶಾಲೆಗೆ ಹೋಗುವ ಅವಕಾಶ ಸಿಕ್ಕಿತು. (ಹೋದದ್ದು ಅಮೆರಿಕದಲ್ಲಿ ಓಡಿ ಮುಗಿದ ಸ್ಕೂಲ್ ಬಸ್ಸಿನಲ್ಲಿ. ಅವನ್ನು ಇಲ್ಲಿ ತಂದು ಬಣ್ಣಬಣ್ಣದ ಲೈನ್ ಬಸ್ ಮಾಡುತ್ತಾರೆ. ಒಳಗೆ ದೊಡ್ಡವರು ಮೂರು ಮೂರು ಜನ ಒತ್ತಿಕೊಂಡು ಕೂತಿದ್ದೆವು, ಶಾಲೆಯ ಮಕ್ಕಳು ರಸ್ತೆ ಬದಿಯಲ್ಲಿ ನಡೆದುಕೊಂಡು ಹೋಗುತ್ತಿದ್ದರು!)

ಒಂದನೇ ಕ್ಲಾಸು. ಕೊನೆಯ ಬೆಂಚಿನಲ್ಲಿ ನೇಯ್ಗೆಯ ಲಂಗ, ಕಸೂತಿ ರವಿಕೆಯ ಹುಡುಗಿ. ಟೀಚರ್ ಏನು ಕೇಳಿದರೂ ತಲೆ ತಗ್ಗಿಸಿ ಕೂತಳು. ನನ್ನ ಕಡೆ ತಿರುಗಿ ಅವರು ಹೇಳಿದ್ದು, “ಇವಳದು ನಾಚಿಕೆ ಸ್ವಭಾವ.”

ಹತ್ತು ಗಂಟೆಗೆ ತಿಂಡಿಯ ಬಿಡುವು. ನಮ್ಮ ಬಿಸಿಯೂಟದ ಹಾಗೆ ಇಲ್ಲೂ ಸರ್ಕಾರಿ ಶಾಲೆಗಳಲ್ಲಿ ತಿಂಡಿ ಕೊಡುತ್ತಾರೆ, 2017ರಲ್ಲಿ ಅದಕ್ಕೆ ಕಾನೂನೇ ಆಗಿದೆ. ಬೇಯಿಸುವವರು ಮಕ್ಕಳ ತಾಯಂದಿರು. ಬಿಸಿ ಗಂಜಿಯ ಲೋಟ ಹಿಡಿದ ಅದೇ ಹುಡುಗಿ ಅಡುಗೆಯ ಹೆಂಗಸಿನ ಮುಂದೆ ನಿಂತು ಒಂದೇ ಸಮನೆ ವಟವಟ. ಕೈ ಆಡಿಸುತ್ತಾಳೆ, ಯಾರದೋ ನಡಿಗೆ ಅಣಕಿಸುತ್ತಾಳೆ, ಆ ಹೆಂಗಸು ನಗುತ್ತಾ ಸೌಟು ಕೆಳಗಿಟ್ಟಳು. ಎಲ್ಲವೂ ಕಿಚೇ ಭಾಷೆಯಲ್ಲಿ, ಇಲ್ಲಿನ ಮೂಲನಿವಾಸಿ ಮಾಯಾ ಜನರ ಭಾಷೆಗಳಲ್ಲಿ ಒಂದು. ಎಲ್ಲಿ ಸ್ವಾಮಿ ನಾಚಿಕೆ?

ಮಗುವಿಗೆ ಗೊತ್ತಿಲ್ಲದ ಭಾಷೆಯಲ್ಲಿ ಪ್ರಶ್ನೆ ಕೇಳಿ, ಉತ್ತರ ಬರದಿದ್ದರೆ ಅದರ ಸ್ವಭಾವಕ್ಕೆ ಹೆಸರಿಡುವುದು! ನನಗೂ ಸ್ಪ್ಯಾನಿಷ್ ಬರುವುದಿಲ್ಲ, ಅವಳಿಗೂ ಬರುವುದಿಲ್ಲ. ನನಗೆ ಒಬ್ಬಳು ಟೀಚರ್ ಪೂರ್ತಿ ಮೀಸಲು. ಅವಳಿಗೆ ಕೊನೆಯ ಬೆಂಚು.

ಇದು ಮೂಲೆಯ ಪುಡಿ ಭಾಷೆ ಅಂದುಕೊಳ್ಳಬೇಡಿ. ಕಿಚೇ ಆಡುವವರು ಹತ್ತು ಲಕ್ಷಕ್ಕೂ ಹೆಚ್ಚು. ದೇಶದಲ್ಲಿ ಮಾಯಾ ಭಾಷೆಗಳೇ 22. 36 ವರ್ಷದ ಅಂತರ್ಯುದ್ಧದಲ್ಲಿ ಸತ್ತವರು, ಕಾಣೆಯಾದವರು ಎರಡು ಲಕ್ಷದ ಮೇಲೆ ಎಂದು ಆ ಯುದ್ಧದ ತನಿಖೆ ಮಾಡಿದ ಸತ್ಯ ಆಯೋಗ ಹೇಳಿತು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ. 1996ರಲ್ಲಿ ಶಾಂತಿ ಒಪ್ಪಂದ. ಸಂವಿಧಾನ ತಿದ್ದಿ ಈ ಭಾಷೆಗಳಿಗೂ ಅಧಿಕೃತ ಮನ್ನಣೆ ಕೊಡೋಣ ಎಂದು 1999ರಲ್ಲಿ ಜನಮತ ಕೇಳಿದರೆ, ಮತ ಹಾಕಲು ಬಂದವರೇ ಕಡಿಮೆ, ಬಂದವರಲ್ಲಿ ಹೆಚ್ಚಿನವರು ಬೇಡ ಎಂದರು. 2003ರಲ್ಲಿ ರಾಷ್ಟ್ರೀಯ ಭಾಷೆಗಳ ಕಾನೂನು ಬಂತು. ದ್ವಿಭಾಷಾ ಶಿಕ್ಷಣಕ್ಕೆ ಪ್ರತ್ಯೇಕ ನಿರ್ದೇಶನಾಲಯವೇ ಇದೆ. ಕಾಗದದಲ್ಲಿ ಏನೂ ಕಡಿಮೆ ಇಲ್ಲ! ಸುತ್ತೋಲೆ ಓದಿಯೇ ಕೂದಲು ಬೆಳ್ಳಗಾದ ನನಗೆ ಇದೇನು ಹೊಸದಲ್ಲ.

ನನಗೆ ಇಷ್ಟು ಕೋಪ ಯಾಕೆ ಅಂದರೆ, ಇದುವರೆಗೆ ಇಲ್ಲಿ ಬರೆಯದ ಒಂದು ವಿಷಯ ಇದೆ. ಮನೆಯಲ್ಲಿ ನಮ್ಮದು ತುಳು, ಅದು ಗೊತ್ತು ನಿಮಗೆ. ಒಂದನೇ ಕ್ಲಾಸಿಗೆ ಸೇರಿದಾಗ ನನಗೆ ಕನ್ನಡದ ಒಂದು ವಾಕ್ಯವೂ ಬರುತ್ತಿರಲಿಲ್ಲ. ದೀಪಾವಳಿ ಕಳೆದರೂ ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ಮೇಷ್ಟ್ರು ಅಪ್ಪನನ್ನು ಕರೆಸಿ, “ಮಗುವಿಗೆ ಕಿವಿ ಕೇಳುತ್ತದಾ?” ಎಂದು ಕೇಳಿದರು. ಅಪ್ಪ ನನ್ನನ್ನು ಪುತ್ತೂರಿನ ಡಾಕ್ಟರರ ಹತ್ತಿರ ಕರೆದುಕೊಂಡೂ ಹೋದರು. ಡಾಕ್ಟರರು ತುಳುವಿನಲ್ಲಿ ಮಾತಾಡಿಸಿದರು, ನಾನು ನಮ್ಮ ದನದ ಕಥೆ ಪೂರ್ತಿ ಹೇಳಿದೆನಂತೆ. ಅಲ್ಲಿಗೆ ಕಿವಿಯ ಪರೀಕ್ಷೆ ಮುಗಿಯಿತು.

ಇದನ್ನೆಲ್ಲ ರಾತ್ರಿ ಊಟಕ್ಕೆ ಕೂತಾಗ ಹೇಳಿದೆ (ಮಗಳ ಬಾಯಿಂದ, ನನ್ನ ಸ್ಪ್ಯಾನಿಷ್ ಅಷ್ಟಕ್ಕೆ ಸಾಲದು). ಮನೆಯ ಯಜಮಾನರು, “ಸೆನ್ಯೋರಾ, ಸ್ಪ್ಯಾನಿಷ್ ಬೇಕು ಎನ್ನುವುದು ಅಪ್ಪ ಅಮ್ಮನೇ. ಕಿಚೇ ಮನೆಯಲ್ಲೇ ಇದೆಯಲ್ಲ. ಕೋರ್ಟು, ಆಸ್ಪತ್ರೆ, ಕೆಲಸ ಎಲ್ಲ ಸ್ಪ್ಯಾನಿಷ್‌ನಲ್ಲಿ” ಎಂದರು. ಆಹಾ, ಎಷ್ಟು ಪರಿಚಯದ ಮಾತು! “ಕನ್ನಡ ಮನೇಲೇ ಇದೆಯಲ್ಲ ಟೀಚರ್, ಇಂಗ್ಲಿಷ್ ಕಲಿಸಿ” ಎಂದು ನಮ್ಮ ಶಾಲಾ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕೇಳದ ವರ್ಷವಿಲ್ಲ. ಆ ಅಪ್ಪಂದಿರನ್ನು ನಾನು ಬೈಯುವುದಿಲ್ಲ. ಅವರು ಕೇಳುವುದು ಮಗುವಿಗೆ ಸ್ಪ್ಯಾನಿಷ್ ಬರಲಿ ಎಂದು, ಮಗು ಮೂಕಿಯಾಗಲಿ ಎಂದಲ್ಲ. ಗೊತ್ತಿರುವ ಭಾಷೆಯಲ್ಲಿ ಓದು ಬರಹ ಹಿಡಿಸಿ, ಅದರ ಕೈ ಹಿಡಿದು ಇನ್ನೊಂದಕ್ಕೆ ಕರೆದುಕೊಂಡು ಹೋಗಿ ಎಂದರೆ ಎರಡನೆಯದನ್ನು ಕಲಿಸಬೇಡಿ ಎಂದು ಅರ್ಥವೇ? 1992ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ರಿಗೊಬೆರ್ತಾ ಮೆಂಚು ಕಿಚೇ ಹೆಂಗಸು, ಸ್ಪ್ಯಾನಿಷ್ ಕಲಿತದ್ದು ಬೆಳೆದು ದೊಡ್ಡವಳಾದ ಮೇಲೆ ಎಂದು ತಮ್ಮ ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಅವರ ಹೆಸರನ್ನೂ ಯಜಮಾನರ ಮುಂದೆ ಇಟ್ಟೆ. ಅವರು ಟೋರ್ತಿಯಾದ ಬುಟ್ಟಿ ನನ್ನ ಕಡೆ ಸರಿಸಿದರು. ಮಾತು ಅಲ್ಲಿಗೆ ನಿಂತಿತು.

ನಮ್ಮಲ್ಲೂ ಹೀಗೇ. 2014ರಲ್ಲಿ ಸುಪ್ರೀಂ ಕೋರ್ಟು ಕಲಿಕೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. 2019ರಿಂದ ಸರ್ಕಾರಿ ಶಾಲೆಗಳಲ್ಲೇ, ಮೊದಲು ಒಂದು ಸಾವಿರ ಶಾಲೆಗಳಲ್ಲಿ, ಇಂಗ್ಲಿಷ್ ಮಾಧ್ಯಮ ಬಂತು. ಆಗ ಟಿವಿಯಲ್ಲಿ ಕನ್ನಡ ಕನ್ನಡ ಎಂದು ಕೂಗಿದವರು ತಾಂಡಾದ ಲಂಬಾಣಿ ಮಗುವಿಗೆ, ತುಳು, ಬ್ಯಾರಿ ಮನೆಯ ಮಗುವಿಗೆ ನಮ್ಮ ಕನ್ನಡವೂ ಹೊಸದೇ ಎಂಬುದನ್ನು ಒಮ್ಮೆಯೂ ಹೇಳಲಿಲ್ಲ. ಈ ವಾಕ್ಯಕ್ಕೆ ಬೈಗುಳ ಬರುತ್ತದೆ, ಬರಲಿ.

ಆ ಹಳ್ಳಿ ಶಾಲೆಯಿಂದ ಹೊರಡುವಾಗ ಟೀಚರನ್ನು ಕೇಳಿದ್ದೆ, ಈ ಹುಡುಗಿ ಪಾಸಾಗುತ್ತಾಳಾ? ಇಲ್ಲಿ ಶಾಲಾ ವರ್ಷ ಜನವರಿಗೆ ಶುರು, ಅಕ್ಟೋಬರಿಗೆ ಮುಕ್ತಾಯ. ಒಂದನೇ ಕ್ಲಾಸಿನಲ್ಲೇ ಮಕ್ಕಳು ಹಿಂದೆ ಉಳಿಯುವುದು ಈ ದೇಶದ ದಶಕಗಳ ಹಳೇ ರೋಗ. “ಮಾತಾಡಿದರೆ ತಾನೇ” ಎಂದರು. ಕೆಟ್ಟವರಲ್ಲ ಪಾಪ, ನಲವತ್ತು ಮಕ್ಕಳ ನಡುವೆ ಒಬ್ಬರೇ ಒದ್ದಾಡುತ್ತಿದ್ದಾರೆ, ಕಿಚೇ ಅವರಿಗೂ ಬರುವುದಿಲ್ಲ. ಬಾರದವರನ್ನು ಆ ಹಳ್ಳಿಗೆ ಹಾಕಿದ ಮಹಾನುಭಾವರು ಎಲ್ಲಿದ್ದಾರೋ.

ನನಗಂತೂ ಕೋರ್ಸಿನ ಕೊನೆಗೆ ಸರ್ಟಿಫಿಕೇಟ್ ಖಂಡಿತ. ನಮ್ಮ ಸ್ಪ್ಯಾನಿಷ್ ಶಾಲೆಯಲ್ಲಿ ಯಾರನ್ನೂ ಫೇಲ್ ಮಾಡುವುದಿಲ್ಲ, ಡಾಲರ್ ಕಟ್ಟಿದ್ದೇವಲ್ಲ.