‘ಇಲ್ಲ’ ಕೇಳಿಸಲಿ, ಆಮೇಲೆ ನಿಲ್ಲಿ

ಮಳೆಗಾಲಕ್ಕೆ ಮುಂಚಿನ ಅಡಿಕೆ ಬೆಳೆಗಾರರ ಸಭೆ ಅಂದುಕೊಳ್ಳಿ. ಮೈಕ್ ಮುಂದಿನವರು ಹೇಳ್ತಾರೆ: "ಮಳೆ ಸುರೀತಿರುವಾಗ ಔಷಧಿ ಹೊಡೆದ್ರೆ ಪ್ರಯೋಜನ..." ಅಲ್ಲಿಗೆ ಉಸಿರು ಮುಗೀತು. "ಇಲ್ಲ" ಅನ್ನೋದು ಗಂಟಲಲ್ಲೇ ಉಳೀತು. ಹೊಡೀಬೇಕೋ ಬೇಡವೋ, ಹಿಂದಿನ ಸಾಲಿನವರಿಗೆ ಗೊತ್ತಾಗಲೇ ಇಲ್ಲ.

ನಿಲ್ಲಿಸಿ ನಿಲ್ಲಿಸಿ ಮಾತಾಡಿ ಅಂತ ಎಲ್ಲರೂ ಹೇಳ್ತಾರೆ. ಎಲ್ಲಿ ಅಂತ ಹೇಳೋರು ಕಮ್ಮಿ. ಕನ್ನಡದಲ್ಲಿ ಹೌದು–ಅಲ್ಲ ತೀರ್ಮಾನ ಆಗೋದೇ ವಾಕ್ಯದ ತುದಿಯಲ್ಲಿ. ಆದ್ದರಿಂದ ಕೊನೇ ಪದದವರೆಗೂ ದನಿ ಇಳಿಸಬಾರದು. ಅದು ಮುಗಿದ ಮೇಲೆ ತುಟಿ ಮುಚ್ಚಿ, ಮೂಗಲ್ಲಿ ಉಸಿರೆಳೆದು, ಮನಸ್ಸಲ್ಲೇ ಎರಡು ಎಣಿಸಿ. ಬಾಯಿ ತೆರೆದೇ ಇದ್ದರೆ "ಆಂ...", "ಏನಪ್ಪಾ ಅಂದ್ರೆ" ತಾನಾಗಿ ನುಗ್ಗುತ್ತೆ, ಉಸಿರಿನ ಸದ್ದೂ ಮೈಕಿಗೆ ಹೋಗುತ್ತೆ. ಆ 2 ಸೆಕೆಂಡ್ ಮಾತಾಡೋರಿಗೆ ಯುಗ. ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಎಷ್ಟು ಚಿಕ್ಕದು ಅಂತ ಗೊತ್ತಾಗುತ್ತೆ.

ಲೆಕ್ಕ ಹೇಳುವಾಗಂತೂ ಅವಸರ ಬೇಡವೇ ಬೇಡ. ಅಡಿಕೆ ಕಾಯಿ ಕೊಳೆಸೋ ಕೊಳೆರೋಗಕ್ಕೆ ಹೊಡೆಯೋ ಶೇ. 1ರ ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಅಳತೆ ಒಂದೇ ಉಸಿರಲ್ಲಿ ಒದರಿದರೆ ಯಾರು ಬರ್ಕೋತಾರೆ? "ಮೈಲುತುತ್ತ 1 ಕೆಜಿ." ನಿಲ್ಲಿ. "ಸುಣ್ಣ 1 ಕೆಜಿ." ನಿಲ್ಲಿ. "ನೀರು ಒಟ್ಟು 100 ಲೀಟರ್." ಬರೀತಿರೋರು ತಲೆ ಎತ್ತಿದ್ದು ಕಂಡ ಮೇಲೆ ಮುಂದಿನ ಮಾತು. "ನೂರು" ಅಂದು ನಿಂತು ಆಮೇಲೆ "ಲೀಟರ್" ಅನ್ನಬೇಡಿ, ಜೋಡಿ ಒಡೆಯುತ್ತೆ.

ಚೀಟಿ ನೋಡಿ ಓದೋರು ಸಾಲಿಗೊಂದೇ ವಾಕ್ಯ ಬರ್ಕೊಳ್ಳಿ. ಇಲ್ಲದಿದ್ದರೆ ಸಾಲು ಮುಗಿದಲ್ಲಿ ಕಣ್ಣು ನಿಲ್ಲುತ್ತೆ, ಮಾತೂ ಅಲ್ಲೇ ತುಂಡಾಗುತ್ತೆ.

ಪ್ರಶ್ನೆ ಕೇಳಿ ಸುಮ್ಮನಿರೋದನ್ನ ತಾಳಮದ್ದಳೆಯ (ವೇಷವಿಲ್ಲದೆ ಕೂತು ಮಾತಲ್ಲೇ ನಡೆಸೋ ಯಕ್ಷಗಾನ) ಒಳ್ಳೇ ಅರ್ಥಧಾರಿಗಳಿಂದ, ಅಂದ್ರೆ ಪಾತ್ರದ ಮಾತಾಡೋರಿಂದ ಕಲೀಬೇಕು. ಎದುರಾಳಿ ಉತ್ತರಕ್ಕೆ ತಡಕಾಡುವಷ್ಟು ಹೊತ್ತು ಬಿಡ್ತಾರೆ. ಸಭೆಯೂ ಒಳಗೊಳಗೇ ಹುಡುಕುತ್ತೆ. ನಮ್ಮ ಸಭೆಗಳಲ್ಲಿ "ಇದಕ್ಕೆ ಕಾರಣ ಏನು?" ಅಂದವರೇ ಉತ್ತರಾನೂ ಒದರಿಬಿಡ್ತಾರೆ. (ಸ್ವಾಗತ ಭಾಷಣದ "ಆತ್ಮೀಯವಾಗಿ ಸ್ವಾಗತಿಸುತ್ತಾ..." ಸರಪಳಿಗೆ ಮಾತ್ರ ಯಾವ ಔಷಧಿಯೂ ಇಲ್ಲ.)

ಬಯಲಲ್ಲಿ ದೂರದ ಕಂಬಕ್ಕೂ ಹಾರ್ನ್ ಸ್ಪೀಕರ್ ಕಟ್ಟಿದ್ದರೆ ಇನ್ನೊಂದು ಪೇಚು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. 100 ಮೀಟರ್ ಆಚೆಯ ಹಾರ್ನಿನ ಮಾತು ಈ ತುದಿಗೆ ಬರೋಕೆ ಸುಮಾರು 0.3 ಸೆಕೆಂಡ್ ಬೇಕು. ಹತ್ತಿರದ ಹಾರ್ನಿನದು ಅಷ್ಟರಲ್ಲೇ ಕೇಳಿಸಿರುತ್ತೆ. ಬಿಡುವು ಕೊಡದಿದ್ದರೆ ಒಂದು ಪದದ ಬಾಲ ಮುಂದಿನ ಪದದ ತಲೆ ತುಳಿಯುತ್ತೆ.

ಇನ್ನು ಮಲೆನಾಡಿನ ತೀರ್ಥಹಳ್ಳಿ, ಹೊಸನಗರದ ಕಡೆ ಜುಲೈ ಸಭೆ. ತಗಡಿನ ಶೀಟಿನ ಮೇಲೆ ಮಳೆ ಬಡಿಯೋಕೆ ಶುರುವಾದರೆ ಕಿರುಚಬೇಡಿ, ಸುಮ್ಮನೆ ನಿಂತುಬಿಡಿ. ಜೋರು ತಗ್ಗಿದ ಮೇಲೆ ತುಂಡಾದ ವಾಕ್ಯವನ್ನ ಮೊದಲಿಂದ ಹೇಳಿ. "ಇಲ್ಲ" ಒಂದನ್ನೇ ಹೇಳಿದರೆ, ಏನು ಇಲ್ಲ ಅಂತ ಪಕ್ಕದವರನ್ನ ಕೇಳ್ತಾರೆ.