ಡಿಸ್ಟಿಲ್ಡ್ ವಾಟರ್ ಸೋರಿದರೆ ಅಪಾಯವಿಲ್ಲವೆಂಬ ಮಾತು: ಒಂದು ಸ್ಪಷ್ಟನೆ

ಮನೆಯಲ್ಲೇ ಕಂಪ್ಯೂಟರ್‌ಗೆ ವಾಟರ್ ಕೂಲಿಂಗ್ (ಬಿಸಿಯಾಗುವ ಭಾಗಗಳನ್ನು ನೀರು ಹರಿಸಿ ತಂಪಾಗಿಸುವ ವ್ಯವಸ್ಥೆ) ಅಳವಡಿಸುವವರ ನಡುವೆ, ‘ಡಿಸ್ಟಿಲ್ಡ್ ವಾಟರ್‌ನಲ್ಲಿ (ಬಟ್ಟಿ ಇಳಿಸಿದ ಶುದ್ಧ ನೀರಿನಲ್ಲಿ) ವಿದ್ಯುತ್ ಹರಿಯುವುದಿಲ್ಲ, ಹಾಗಾಗಿ ಮದರ್‌ಬೋರ್ಡ್ ಮೇಲೆ ಸೋರಿದರೂ ಹಾನಿಯಿಲ್ಲ’ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. ಶುದ್ಧ ನೀರಿನ ವಾಹಕತೆ ಅತ್ಯಲ್ಪವೆಂಬುದು ನಿಜವಾದರೂ, ರೇಡಿಯೇಟರ್‌ನೊಳಗೆ ಉಳಿದ ಫ್ಲಕ್ಸ್ (ಬೆಸುಗೆಗೆ ಬಳಸುವ ರಾಸಾಯನಿಕ), ಚಿಪ್ಪಿನ ಶಾಖ ಹೀರುವ ತಾಮ್ರದ ಬ್ಲಾಕ್ ಮತ್ತು ಕೊಳವೆ ಜೋಡಿಸುವ ಫಿಟ್ಟಿಂಗ್‌ಗಳನ್ನು ಸವರಿಕೊಂಡು ಸುತ್ತುವ ನೀರಿನಲ್ಲಿ ದಿನಕಳೆದಂತೆ ವಿದ್ಯುತ್ ಹರಿಯಲು ದಾರಿಮಾಡುವ ಅಯಾನುಗಳು (ವಿದ್ಯುದಾವೇಶವುಳ್ಳ ಕಣಗಳು) ಬೆರೆಯುತ್ತಾ ಹೋಗುತ್ತವೆ. ಸಾಲದ್ದಕ್ಕೆ, ಬೋರ್ಡಿನ ಮೇಲೆ ಕೂತ ಧೂಳಿನಲ್ಲಿರುವ ಲವಣಾಂಶವೂ ತೊಟ್ಟಿಕ್ಕಿದ ಹನಿಯಲ್ಲಿ ಕರಗುತ್ತದೆ. ದುಬಾರಿ ಗ್ರಾಫಿಕ್ಸ್ ಕಾರ್ಡನ್ನು ಈ ಭರವಸೆಯ ಮೇಲೆ ಬಿಡಬೇಡಿರೆಂದು ಕಳಕಳಿಯಿಂದ ಕೋರುತ್ತೇನೆ. ಮೊದಲ ಸಲ ನೀರು ತುಂಬಿದಾಗ, ಮದರ್‌ಬೋರ್ಡ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಪವರ್ ಕೇಬಲ್‌ಗಳನ್ನೆಲ್ಲ ಬಿಚ್ಚಿಟ್ಟು, ಪಂಪ್ ಒಂದನ್ನೇ ಹಲವು ಗಂಟೆ ಓಡಿಸಿ, ಪ್ರತಿ ಫಿಟ್ಟಿಂಗ್‌ನ ಕೆಳಗೆ ಹಾಸಿದ ಟಿಶ್ಯೂ ಪೇಪರ್‌ನಲ್ಲಿ ತೇವವೇನಾದರೂ ಕಾಣುತ್ತದೆಯೇ ಎಂದು ನೋಡಬೇಕು. ಕಂಡರೆ ಅಲ್ಲಿನ ಓ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಉಂಗುರ) ಸರಿಪಡಿಸಿ, ಎಲ್ಲವೂ ಪೂರ್ತಿ ಒಣಗುವವರೆಗೆ ಬೋರ್ಡಿಗೆ ವಿದ್ಯುತ್ ಕೊಡಬಾರದು.