ಕೊಡೆ, ಜೀಪು ಮತ್ತು ನನ್ನ ಸೈಕಲ್ಲು

ಮಡಿಕೇರಿಯಲ್ಲಿ ಸೈಕಲ್ ಓಡಿಸುವವನಿಗೆ ಸಲಹೆ ಪುಕ್ಕಟೆ ಸಿಗುತ್ತದೆ. "ರಸ್ತೆಗೆ ಇಳೀಬೇಡ ಮಗಾ, ಫುಟ್‌ಪಾತ್ ಮೇಲೇ ಹೋಗು" ಅನ್ನುವುದು ಅಮ್ಮನ ಸಲಹೆ. ಹೀಗನ್ನುವ ಅಮ್ಮ ಸ್ವತಃ ಫುಟ್‌ಪಾತ್ ಹತ್ತಿ ಯಾವ ಕಾಲವಾಯಿತೋ. ಅವರೂ ನಡೆಯುವುದು ರಸ್ತೆಯಲ್ಲೇ.

ನಾನು ಹೋಗುವ ದಾರಿಯ ಫುಟ್‌ಪಾತ್ ಅಂದರೆ ಚರಂಡಿಗೆ ಮುಚ್ಚಿದ ಚಪ್ಪಡಿಗಳು. ಒಂದು ಎದ್ದಿದೆ, ಇನ್ನೊಂದು ಕುಸಿದಿದೆ, ಮಧ್ಯದ್ದು ಇಲ್ಲವೇ ಇಲ್ಲ. ಉಳಿದ ಜಾಗದಲ್ಲಿ ಒಂದು ಸ್ಕೂಟರ್, ಹೋಮ್‌ಮೇಡ್ ಚಾಕೊಲೇಟ್ ಅಂಗಡಿಯ ಬೋರ್ಡು, ಶುಕ್ರವಾರವಾದರೆ ಸಂತೆಗೆ ಬಂದವರ ಚೀಲಗಳು. ಜೂನ್ ಬಂತೆಂದರೆ ಎಲ್ಲದರ ಮೇಲೂ ಪಾಚಿ.

ಆದರೆ ಮಳೆಗಾಲದಲ್ಲಿ ನಾನು ಜಾಸ್ತಿ ಹೆದರುವುದು ಪಾಚಿಗಲ್ಲ, ಕೊಡೆಗೆ. ಎದುರಿಗೆ ಬರುವವರು ಗಾಳಿಗೆ ಕೊಡೆ ಬಗ್ಗಿಸಿ, ನೆಲ ನೋಡಿಕೊಂಡು ಬರುತ್ತಾರೆ. ಸೈಕಲ್ ಮೇಲೆ ಕೂತವನ ಕಣ್ಣೂ ಕೊಡೆ ಕಡ್ಡಿಯ ತುದಿಯೂ ಸರಿಯಾಗಿ ಒಂದೇ ಎತ್ತರ. ಕೊಡವರ ಕಕ್ಕಡ ತಿಂಗಳ ಮಳೆಯಲ್ಲಿ ಹೀಗೇ ಒಂದು ಕಡ್ಡಿ ನನ್ನ ಕನ್ನಡಕವನ್ನು ಎತ್ತಿಕೊಂಡು ಹೋಯಿತು. "ಅಕ್ಕಾ, ನನ್ನ ಕನ್ನಡಕ!" ಎಂದು ಕೂಗಿದೆ. ಪಾಪ, ಒಳ್ಳೆಯವರು. "ಎಲ್ಲಿ ಬೀಳಿಸಿಕೊಂಡ್ರಿ?" ಎಂದು ತಿರುಗಿ ಬಂದು, ನನ್ನ ಜೊತೆ ಸೇರಿ ನೆಲದಲ್ಲಿ ಹುಡುಕತೊಡಗಿದರು. ಕನ್ನಡಕ ಅವರ ತಲೆಯ ಮೇಲೆ ಕೊಡೆಯ ಅಂಚಿಗೆ ನೇತಾಡುತ್ತಿತ್ತು.

ಕೊಡೆಯಿಂದ ತಪ್ಪಿಸಿಕೊಂಡರೂ ಗೇಟುಗಳಿವೆ. ಇಲ್ಲಿ ಎಷ್ಟೋ ಮನೆಗಳು ದಿಬ್ಬದ ಮೇಲೆ. ಜೀಪು ರಿವರ್ಸಲ್ಲಿ ಇಳಿಯುವಾಗ ಓಡಿಸುವವರು ರಸ್ತೆ ನೋಡುತ್ತಾರೆಯೇ ಹೊರತು ಫುಟ್‌ಪಾತ್ ನೋಡುವುದಿಲ್ಲ. ಅಲ್ಲಿ ಚಕ್ರ ಬರುತ್ತದೆ ಅಂತ ಯಾರು ಅಂದುಕೊಳ್ಳುತ್ತಾರೆ, ಅಲ್ವಾ? ಒಮ್ಮೆ ನಾನು ಬ್ರೇಕ್ ಹಿಡಿದು, ನೇರ ದಾಸವಾಳದ ಬೇಲಿಯೊಳಗೆ ಹೋಗಿ ನಿಂತೆ. ಜೀಪಿನಿಂದ ಇಳಿದ ನಿವೃತ್ತ ಸುಬೇದಾರರು ಮೊದಲು ಬೇಲಿ ನೋಡಿದರು, ಆಮೇಲೆ ನನ್ನನ್ನು. "ರಸ್ತೆಯಲ್ಲಿ ಬಂದಿದ್ರೆ ಕಾಣ್ತಿದ್ದೆಯಲ್ಲಪ್ಪಾ" ಅಂದರು.

ಸುಬೇದಾರರಿಗೆ ಅಮೆರಿಕದ ಬೆಂಬಲವೂ ಇದೆ. ಅಲ್ಲಿನ ಪಾಲೊ ಆಲ್ಟೊ ಊರಿನ ಬಗ್ಗೆ 1994ರಲ್ಲಿ ಬಂದ ಅಧ್ಯಯನದ ಪ್ರಕಾರ, ರಸ್ತೆಗಳು ಸೇರುವಲ್ಲಿ ವಾಹನಕ್ಕೆ ಡಿಕ್ಕಿಯಾಗುವ ಅಪಾಯ ಫುಟ್‌ಪಾತ್ ಸವಾರರಿಗೆ ರಸ್ತೆ ಸವಾರರಿಗಿಂತ 1.8 ಪಟ್ಟು. ಎದುರು ದಿಕ್ಕಿನಲ್ಲಿ ಬಂದರಂತೂ ಇನ್ನೂ ಜಾಸ್ತಿ. ಜಪಾನಿನಲ್ಲಿ 13 ತುಂಬದ ಮಕ್ಕಳಿಗೆ, 70 ತುಂಬಿದ ಹಿರಿಯರಿಗೆ ಫುಟ್‌ಪಾತ್ ಮೇಲೆ ಸೈಕಲ್ ಓಡಿಸಲು ಅವಕಾಶವಿದೆ. ಉಳಿದವರು ಸಾಮಾನ್ಯವಾಗಿ ರಸ್ತೆಗೇ ಇಳಿಯಬೇಕು. ನನಗೆ ಒಂದು ವಯಸ್ಸು ದಾಟಿಹೋಗಿದೆ, ಇನ್ನೊಂದಕ್ಕೆ ಕಾಯುವ ತಾಳ್ಮೆ ಇಲ್ಲ.

ಹಾಗಾಗಿ ನನ್ನ ಓಟು ರಸ್ತೆಗೆ. ಹಿಂದೆ ಮಿಣುಕುವ ಕೆಂಪು ದೀಪ, ಮೈಮೇಲೆ ಗಿಳಿಹಸಿರು ಜಾಕೆಟ್ಟು. ತೀರಾ ಅಂಚಿಗೆ ಹೋಗುವುದಿಲ್ಲ, ಅಲ್ಲಿ ಡಾಂಬರು ಮುಗಿದು ಕೆಸರು ಶುರು. ಮಂಜು ಕವಿದ ದಿನ ಮಾತ್ರ ಸೈಕಲ್ ಮನೆಯಲ್ಲೇ. ವಾರಾಂತ್ಯದಲ್ಲಿ ಪ್ರವಾಸಿಗರ ಕಾರುಗಳದ್ದು ಬೇರೆಯೇ ಕಥೆ. ಕಾಫಿ ಹೂ ಕಂಡರೂ ಕೋತಿ ಕಂಡರೂ ತಿರುವಿನಲ್ಲೇ ಗಕ್ಕನೆ ನಿಲ್ಲುತ್ತವೆ, ಹಿಂದೆ ನೋಡದೆ ಬಾಗಿಲು ತೆರೆಯುತ್ತವೆ. ಬಾಗಿಲಗಲ ಜಾಗ ಬಿಟ್ಟು ಹೋಗುವುದನ್ನು ಅವರೇ ನನಗೆ ಕಲಿಸಿದ್ದು.

ಇಳಿಜಾರಿನಲ್ಲಿ ಇದೆಲ್ಲ ಸರಿ. ಏರು ಬಂದರೆ? ಕುಶಾಲನಗರದವರಿಗೆ ಈ ಕಷ್ಟ ಅಷ್ಟಿಲ್ಲ, ಅವರ ನೆಲ ಸಮತಟ್ಟು. ನಾನು ಮಾತ್ರ ಇಳಿದು, ಸೈಕಲ್ ತಳ್ಳಿಕೊಂಡು, ಮರ್ಯಾದೆಯಾಗಿ ಫುಟ್‌ಪಾತ್ ಹತ್ತುತ್ತೇನೆ. ಆಗ ನಾನೂ ಪಾದಚಾರಿಯೇ. ಯಾರಾದರೂ "ಪಂಚರ್ ಆಯ್ತಾ?" ಎಂದು ಕೇಳಿದರೆ ಸುಮ್ನೆ ಹೌದು ಅಂದುಬಿಡುತ್ತೇನೆ. ಮೊನ್ನೆ ಒಬ್ಬ ಹುಡುಗ ಪಂಪು ತಂದುಕೊಟ್ಟ.